ಸಹಾಯ ಬೇಕು: 2 ಎಕರೆಯಲ್ಲಿ ಬಂಡೂರು ಕುರಿ, ಮೊದಲು ಮೇವೋ ಶೆಡ್ಡೋ?

ಎಲ್ಲರಿಗೂ ನಮಸ್ಕಾರ. ಮಳವಳ್ಳಿ ಹತ್ತಿರ 2 ಎಕರೆ ಜಮೀನಿದೆ, ಬೋರ್‌ವೆಲ್ ಇದೆ, ನೀರು ಸುಮಾರಾಗಿ ಬರುತ್ತದೆ. 20 ಹೆಣ್ಣು ಕುರಿ, ಒಂದು ಟಗರು ಇಟ್ಟುಕೊಂಡು ಶುರು ಮಾಡೋಣ ಅಂತಿದ್ದೇನೆ. ಎಲ್ಲರೂ ಮೊದಲು ಶೆಡ್ ಕಟ್ಟು ಅಂತಾರೆ. ನನಗೆ ಅದು ಉಲ್ಟಾ ಅನ್ನಿಸುತ್ತದೆ, ಮೇವನ್ನೂ ದುಡ್ಡು ಕೊಟ್ಟು ತಂದರೆ ಬೇಸಿಗೆಯಲ್ಲಿ ಕುರಿ ನಮ್ಮನ್ನೇ ಮೇಯ್ದುಬಿಡುತ್ತದೆ, ಅಲ್ವಾ? ಅದಕ್ಕೆ ಅರ್ಧ ಎಕರೆಗೆ ಕುದುರೆ ಮೆಂತೆ, ಬದುವಿನಲ್ಲಿ ಅಗಸೆ ಮರ, ನುಗ್ಗೆ ಹಾಕಿ, ಮೇವು ಕೈಗೆ ಬಂದ ಮೇಲೆ ಕುರಿ ತರುವ ಯೋಚನೆ. ಗೊಬ್ಬರ ವಾಪಸ್ ಹೊಲಕ್ಕೇ.

ಬಂಡೂರು ಗಿಡ್ಡ ತಳಿ, ಮಾಂಸ ಚೆನ್ನ, ಆದರೆ ಹೆಚ್ಚಾಗಿ ಒಂದೇ ಮರಿ. ಅಸಲಿ ತಳಿ ಗುರುತಿಸುವುದು ಹೇಗೆ? ಸಂತೆಯಲ್ಲಿ ಕಂಡದ್ದಕ್ಕೆಲ್ಲ ಬಂಡೂರು ಅಂತ ಹೇಳಿ ರೇಟು ಏರಿಸುತ್ತಾರೆ. ಪಿಪಿಆರ್ (ಕುರಿ-ಮೇಕೆ ಪ್ಲೇಗ್) ಲಸಿಕೆ, ಮಳೆಗಾಲಕ್ಕೆ ಮುಂಚೆ ಇಟಿ (ಕರುಳುಬೇನೆ) ಲಸಿಕೆ ಹಾಕಿಸಬೇಕು ಅಂತ ಗೊತ್ತು, ಆದರೆ ಹೊಸದಾಗಿ ತಂದ ಕುರಿಗಳನ್ನು ನೀವು ಎಷ್ಟು ದಿನ ಬೇರೆ ಕಟ್ಟುತ್ತೀರಿ?

ರಾಷ್ಟ್ರೀಯ ಜಾನುವಾರು ಮಿಷನ್‌ನ 50% ಸಬ್ಸಿಡಿ 100 ಹೆಣ್ಣು, 5 ಟಗರಿನ ಘಟಕದಿಂದ ಶುರು. ಅಷ್ಟು ಸಾಲ ಮಾಡುವ ಧೈರ್ಯ ನನಗಿಲ್ಲ. ಸಣ್ಣದಾಗಿ ಶುರು ಮಾಡಿದವರು ಖರ್ಚಿನ ಲೆಕ್ಕ ಸಮೇತ ಹೇಳಿ. ಸುಮ್ನೆ ಯೂಟ್ಯೂಬ್ ಲಿಂಕ್ ಹಾಕಬೇಡಿ, ಅವನ್ನೆಲ್ಲ ನೋಡಿದ್ದೇನೆ.