16 ಅಡಿ ಎತ್ತರಕ್ಕೆ ಏರಿಯಲ್ ಸಿಲ್ಕ್ಸ್ ಎಷ್ಟು ಮೀಟರ್? ಕಟ್ಟಿಕೊಂಡವರು ಅನುಭವ ಹೇಳಿ

ಮೈಸೂರು ಡ್ಯೂಪ್ಲೆಕ್ಸ್:
ಹಾಲಿನ ಬೀಮಿಗೆ ಹಾಕಿಸಿದ ಕೊಂಡಿಯಿಂದ ನೆಲಕ್ಕೆ 16 ಅಡಿ. ನಡುವೆ ಕಟ್ಟಿ ಎರಡು ಎಳೆಯಾಗಿ ಇಳಿಬಿಟ್ಟು, ಹತ್ತಿ ಕಸರತ್ತು ಮಾಡುವ ಉದ್ದ ಬಟ್ಟೆ ಇದು. ಮಗಳಿಗೂ ನನಗೂ ಒಂದೇ ಬಟ್ಟೆ, ಇಬ್ಬರೂ ಇನ್ನೂ ಅದನ್ನು ಪಾದಕ್ಕೆ ಸುತ್ತಿ ನಿಲ್ಲುವ ಫುಟ್‌ಲಾಕ್ ಹಂತ. 10 ಮೀಟರೋ 12 ಮೀಟರೋ? ಸ್ಟ್ರೆಚ್ ಕಡಿಮೆಯದೋ, ಮಧ್ಯಮದ್ದೋ?

ಹದಿನಾಲ್ಕಡಿ ಶೆಡ್:
ನಮ್ಮದು 14 ಅಡಿ. ಎರಡು ಕ್ಯಾರಬಿನರ್ (ತೆರೆದು ಮುಚ್ಚುವ ಕೊಂಡಿ), ಸ್ವಿವೆಲ್ (ತಿರುಗುವ ಕೊಂಡಿ), ಫಿಗರ್ ಎಯ್ಟ್ (ಬಟ್ಟೆ ಕಟ್ಟುವ 8ರ ಆಕಾರದ ಲೋಹದ ಬಳೆ) ಎಲ್ಲ ಸಿಕ್ಕಿಸಿ ನೇತುಹಾಕಿ ಅಳೆದರೆ 15 ಇಂಚು. ಅಂದರೆ ಬಟ್ಟೆ ಶುರುವಾಗುವುದೇ 12 ಅಡಿ 9 ಇಂಚಿನಲ್ಲಿ. ಎರಡು ಎಳೆಗೆ 25 ಅಡಿ 6 ಇಂಚು. ಎಯ್ಟಿಗೆ ಸುತ್ತುವ ಗಂಟು ಒಂದೂವರೆ ಅಡಿ ನುಂಗುತ್ತದೆ. ನೆಲದ ಮೇಲೆ ಬೀಳುವ ಬಾಲ ತಲಾ 2 ಅಡಿ. ಒಟ್ಟು 31 ಅಡಿ, 9.45 ಮೀಟರ್. 10 ಮೀಟರ್ ತರಿಸಿದ್ದೇವೆ. ಬಟ್ಟೆ, ಸಾಗಣೆ, ಸುಂಕ ಸೇರಿ 19,400 ರೂಪಾಯಿ. ಒಂದು ರೂಪಾಯಿಯೂ ದಂಡವಲ್ಲ. ನೆಲದ ಮೇಲೆ ನಿಂತು ಪಾದಕ್ಕೆ ಸುತ್ತಿದ ಮೇಲೂ ಕೆಳಗೆ ಬಟ್ಟೆ ಉಳಿದಿರಬೇಕು. ಇಲ್ಲದಿದ್ದರೆ ಮೈಭಾರ ಬೀಳುವ ಮೊದಲೇ ಸುತ್ತು ಬಿಚ್ಚಿಕೊಳ್ಳುತ್ತದೆ.

ಕಡಿಮೆ ಸ್ಟ್ರೆಚ್:
2 ಅಡಿ ಬಾಲ ಯಾರಿಗೆ ಬೇಕು ಸ್ವಾಮಿ? ತಿರುಗುವಾಗ ಅದು ಮ್ಯಾಟಿನ ಮೇಲೆ ಎಳೆದಾಡಿ ಕಾಲಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮಲ್ಲಿ ಒಂದೇ ಅಡಿ ಬಿಟ್ಟಿದ್ದೇವೆ, 8 ಇಂಚಿನ ಮ್ಯಾಟ್ ಹಾಸಿದರೆ ಅದೇ ಧಾರಾಳ. ಉದ್ದಕ್ಕಿಂತ ಸ್ಟ್ರೆಚ್ ಮುಖ್ಯ. ನಿಮ್ಮ ಮೇಲೆ ಎಷ್ಟು ಬಟ್ಟೆ ಇದೆಯೋ ಅಷ್ಟೂ ಎಳೆಯುತ್ತದೆ, ಹಾಗಾಗಿ ನೆಲದ ಹತ್ತಿರವೇ ಇಳಿತ ಹೆಚ್ಚು. ಮಧ್ಯಮ ಸ್ಟ್ರೆಚ್‌ನಲ್ಲಿ ಮೊಣಕಾಲೆತ್ತರಕ್ಕೆ ಫುಟ್‌ಲಾಕ್ ಹಾಕಿ ಎದ್ದು ನಿಂತರೆ ಹಿಮ್ಮಡಿ ಮತ್ತೆ ಮ್ಯಾಟಿಗೇ ಬರುತ್ತದೆ. ಡ್ರಾಪ್ ಹೊಡೆಯುವವರಿಗೆ (ಬಟ್ಟೆ ಸುತ್ತಿಕೊಂಡು ಮೇಲಿಂದ ಒಮ್ಮೆಲೇ ಬೀಳುವವರಿಗೆ) ಆ ಮೆತ್ತಗಿನ ಬಟ್ಟೆ ಸೊಂಟ ಕಾಪಾಡುತ್ತದೆ ನಿಜ, ಆದರೆ ಅದಕ್ಕೆ 20 ಅಡಿಯಾದರೂ ಇರಲಿ.

ಹದಿನಾಲ್ಕಡಿ ಶೆಡ್:
ಒಂದು ಅಡಿ ನಿಮಗೆ ಸಾಕು, ಕಲಿತಿದ್ದೀರಿ. ಕಲಿಯುವ ಮಗುವಿಗೆ ಒಂದು ಅಡಿ ಬಾಲ ಕೊಟ್ಟು ಫುಟ್‌ಲಾಕ್ ಹಾಕಿಸಿ ನೋಡಿ, ಆಮೇಲೆ ಮಾತಾಡೋಣ.

ಗಜದ ಗಾಯ:
ಅಕ್ಕ, ಎಲ್ಲಕ್ಕಿಂತ ಮೊದಲು ಗಜವೋ ಮೀಟರೋ ಅಂತ ಬರೆಸಿಕೊಳ್ಳಿ. ನಮ್ಮ ಕೊಂಡಿ 18 ಅಡಿಗೆ. ಕೇಳಿದ್ದು 12 ಮೀಟರ್, ಮಾರಿದವರು ಕಳಿಸಿದ್ದು 12 ಗಜ. 39 ಅಡಿ 4 ಇಂಚು ಬರಬೇಕಾದ ಕಡೆ 36 ಅಡಿ! ಎಳೆಗಳಿಗೆ 33 ಅಡಿ 6 ಇಂಚು, ಗಂಟಿಗೆ ಒಂದೂವರೆ ಅಡಿ ಕಳೆದರೆ ಬಾಲ ತಲಾ 6 ಇಂಚು. ಬಟ್ಟೆಗೆ 17,800 ಕೊಟ್ಟಾಗಿತ್ತು. ವಾಪಸ್ ಕಳಿಸುವ ಖರ್ಚು ನಮ್ಮದೇ ಅಂದರು, 4,600. ಕೊನೆಗೆ ಮೇಲೆ 2 ಅಡಿಯ ರೌಂಡ್ ಸ್ಲಿಂಗ್ (ಭಾರ ತಡೆಯುವ ಬಳೆಯಾಕಾರದ ಪಟ್ಟಿ) ಸೇರಿಸಿ ತುದಿಯನ್ನೇ ಕೆಳಗೆ ತಂದದ್ದು. ಬಾಲ ಎರಡೂವರೆ ಅಡಿ ಆಯಿತು, ಹತ್ತುವ ಎತ್ತರ 2 ಅಡಿ ಹೋಯಿತು. ಬಟ್ಟೆ ಗಿಡ್ಡವಾದರೆ ಎತ್ತರ ಕೊಟ್ಟು ಉದ್ದ ಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ. ನಡುವೆ ತುಂಡು ಹೊಲಿಸುತ್ತೇನೆ ಅಂತ ಯಾರೂ ಯೋಚನೆಯನ್ನೂ ಮಾಡಬೇಡಿ.

ಹೊಲಿಗೆ ಮಷಿನ್:
ಚಿಕ್ಕಪೇಟೆಯಲ್ಲಿ ಲೈಕ್ರಾ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ಕಾಲುಭಾಗ ಬೆಲೆಗೆ. ಅಷ್ಟು ದೂರದಿಂದ ಯಾಕೆ ತರಿಸುತ್ತೀರಿ?

ಕಡಿಮೆ ಸ್ಟ್ರೆಚ್:
ಅದು ನಾಲ್ಕೂ ದಿಕ್ಕಿಗೆ ಎಳೆಯುವ ಈಜುಡುಗೆಯ ಬಟ್ಟೆ ರೀ! ಬೇಕಾದದ್ದು ನೈಲಾನ್ ಟ್ರೈಕಾಟ್, ಅಡ್ಡಕ್ಕೆ ಚೆನ್ನಾಗಿ ಎಳೆದು ಉದ್ದಕ್ಕೆ ಬಿಗಿಯಾಗಿರುವಂಥದ್ದು. ಲೈಕ್ರಾದಲ್ಲಿ ಹತ್ತಿದಷ್ಟೂ ಕೆಳಗೆ ಜಾರುತ್ತೀರಿ. ಅಗಲವನ್ನೂ ನೋಡಿ: 60 ಇಂಚು ಮಕ್ಕಳ ಮುಷ್ಟಿಗೆ ಹಿಡಿಸುತ್ತದೆ, 108 ಇಂಚಿನದು ಹಿಡಿದರೆ ದಪ್ಪ.

ಫ್ಲ್ಯಾಟಿನವರು:
ಎಲ್ಲರಿಗೂ ಡ್ಯೂಪ್ಲೆಕ್ಸ್ ಇರುವುದಿಲ್ಲ. 9 ಅಡಿ 4 ಇಂಚಿನ ಸೀಲಿಂಗಿಗೆ ಹ್ಯಾಮಕ್ಕೇ ಸರಿ. ಜೋಳಿಗೆಯ ತಳ ಸೊಂಟಕ್ಕೆ ಬರಬೇಕು. 15 ಇಂಚು ಸಾಮಾನು ಕಳೆದು, ತಳ 3 ಅಡಿಗೆ ಇಟ್ಟರೆ ಒಂದು ಬದಿಗೆ 5 ಅಡಿ 1 ಇಂಚು. ಎರಡು ಬದಿ, ಎರಡು ಗಂಟು ಸೇರಿ ಸುಮಾರು 13 ಅಡಿ. 5 ಮೀಟರ್ ತಂದರೆ ಕೈಗೆ ಉಳಿಯುತ್ತದೆ. ನಮ್ಮ ಹುಡುಗಿ 25 ಕೆಜಿ, ಫ್ಯಾನ್ ಹುಕ್ಕಿಗೇ ಹಾಕಿದ್ದೇವೆ, ಏನೂ ಆಗಿಲ್ಲ.

ಗಜದ ಗಾಯ:
ಇವತ್ತೇ ಇಳಿಸಿ! ಆ ಹುಕ್ಕು ಒಂದು ಫ್ಯಾನಿನ ಭಾರಕ್ಕೆ ಇಟ್ಟದ್ದು. ಅದನ್ನು ಒಳಗಿನ ಕಬ್ಬಿಣಕ್ಕೆ ಕಟ್ಟಿದ್ದಾರೋ, ಬರೀ ಬಾಕ್ಸಿಗೆ ಸಿಕ್ಕಿಸಿದ್ದಾರೋ ಕೆಳಗಿಂದ ತಿಳಿಯುವುದಿಲ್ಲ. ಮಗು ಜಾರಿ ಬಟ್ಟೆ ಫಕ್ಕನೆ ಬಿಗಿದಾಗ ಬೀಳುವುದು 25 ಕೆಜಿ ಅಲ್ಲ, ಅದರ ಹಲವು ಪಟ್ಟು. ನೇತುಹಾಕುವ ಒಂದೊಂದು ಬಿಂದುವಿಗೂ 900 ಕೆಜಿ ತಾಕತ್ತು ಕೇಳುತ್ತಾರೆ. ಇಂಜಿನಿಯರ್‌ಗೆ ತೋರಿಸಿ ಬೀಮಿಗೆ ಹಾಕಿಸಿ, ಇಲ್ಲವೇ ಮೋಲ್ಡಿನ ಮೇಲೆ ಪ್ಲೇಟ್ ಕೊಟ್ಟು ಆರಪಾರ ಬೋಲ್ಟ್ ಹಾಕಿಸಿ.

ಫ್ಲ್ಯಾಟಿನವರು:
ಬಾಡಿಗೆ ಮನೆಯಲ್ಲಿ ಮೋಲ್ಡ್ ಕೊರೆಯಲು ಓನರ್ ಬಿಡುತ್ತಾರಾ? ನೀವು ಬಂದು ಕೇಳುತ್ತೀರಾ?

ಗಜದ ಗಾಯ:
ಬಿಡದಿದ್ದರೆ ಕಾಲುಗಳಿರುವ ಸ್ಟ್ಯಾಂಡ್ ತನ್ನಿ. ಮಗುವಿನ ಕುತ್ತಿಗೆಗಿಂತ ಓನರ್ ದೊಡ್ಡವನಲ್ಲ.

ಬಾಗಲಕೋಟಿ ಹಗ್ಗ:
ಇಷ್ಟೆಲ್ಲಾ ಲೆಕ್ಕ ಯಾಕ್ರಿ? ಹಗ್ಗದ ಮಲ್ಲಕಂಬದಾಗ ಸ್ವಿವೆಲ್ ಇಲ್ಲ, ಸ್ಟ್ರೆಚ್ ಇಲ್ಲ, ಮೈಗೆ ಗಂಟೂ ಹಾಕಂಗಿಲ್ಲ. ಹತ್ತಿ ಹಗ್ಗಾನ ಕಾಲ್ಬೆರಳ ಸಂದ್ಯಾಗ ಹಿಡದು ಹತ್ತತಾರ. ಅದನ್ನ ಕಲಿಸ್ರಿ ಮಕ್ಕಳಿಗೆ.

ಕಡಿಮೆ ಸ್ಟ್ರೆಚ್:
ಅಣ್ಣಾ, ಅದು ಬೇರೆ ವಿದ್ಯೆ, ಅದಕ್ಕೆ ಕೈಮುಗಿಯುತ್ತೇನೆ. ಇಲ್ಲಿ ಕೇಳಿರುವುದು ಬಟ್ಟೆ.

ಬಾಗಲಕೋಟಿ ಹಗ್ಗ:
ಬಟ್ಟಿ ಮ್ಯಾಲೆ ಮಾಡೂ ಎಷ್ಟೋ ಪಟ್ಟು ಹಗ್ಗದ ಮ್ಯಾಲೂ ಅದಾವ್ರಿ. ಬ್ಯಾರೆ ಅಂತ ಹೆಂಗ ಅಂತೀರಿ?

ಮೈಸೂರು ಡ್ಯೂಪ್ಲೆಕ್ಸ್:
ಎಲ್ಲ ಓದಿದೆ. ನನ್ನ 16 ಅಡಿಗೆ ಕೊನೆಗೆ ಎಷ್ಟು?

ಹದಿನಾಲ್ಕಡಿ ಶೆಡ್:
ಎಳೆಗಳಿಗೆ 29 ಅಡಿ 6 ಇಂಚು, ಗಂಟು ಸೇರಿ 31. 10 ಮೀಟರ್‌ನಲ್ಲಿ ಬಾಲ ತಲಾ 11 ಇಂಚು, 11ರಲ್ಲಿ ಎರಡೂವರೆ ಅಡಿ, 12ರಲ್ಲಿ 4 ಅಡಿ ಮೀರುತ್ತದೆ. 11 ಸಿಕ್ಕರೆ 11. ಸಿಗದಿದ್ದರೆ 12 ತಂದು ಹೆಚ್ಚಾದ ಬಾಲವನ್ನು ಮ್ಯಾಟಿನ ಪಕ್ಕಕ್ಕೆ ಸುತ್ತಿಡಿ, ಕತ್ತರಿಸಬೇಡಿ. ಬಟ್ಟೆ ಬಂದ ಕೂಡಲೇ ನಟ್ಟನಡುವೆ ಬಣ್ಣದ ದಾರದಲ್ಲಿ ಒಂದು ಸಡಿಲ ಹೊಲಿಗೆ ಹಾಕಿ. ನಡು 6 ಇಂಚು ತಪ್ಪಿದರೂ ಒಂದು ಬಾಲ ಇನ್ನೊಂದಕ್ಕಿಂತ ಒಂದು ಅಡಿ ಉದ್ದವಾಗುತ್ತದೆ.

ಕಡಿಮೆ ಸ್ಟ್ರೆಚ್:
10 ಸಾಕು. 11 ಇಂಚಿನ ಜತೆ ಮ್ಯಾಟಿನ 8 ಇಂಚು ಸೇರಿಸಿಕೊಳ್ಳಿ, ಒಂದೂವರೆ ಅಡಿ ದಾಟುತ್ತದೆ. ಮ್ಯಾಟಿಲ್ಲದ ಲೆಕ್ಕ ಕೊಟ್ಟು ಒಂದು ಮೀಟರ್ ಹೆಚ್ಚು ಖರ್ಚು ಮಾಡಿಸುತ್ತಿದ್ದಾರೆ ಇವರು.