ಕಾಲಿನ ರಕ್ತ ಹೆಪ್ಪುಗಟ್ಟಿದೆ, ಕ್ಯಾನ್ಸರ್ ರಕ್ತಕ್ಕೆ ಇಳಿದಿದೆ ಅಂತಾರೆ. ನಿಜವಾ?

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ:
ಅಮ್ಮನಿಗೆ ಅಂಡಾಶಯದ ಕ್ಯಾನ್ಸರ್, ಕಿಮೋ ನಡೀತಿದೆ. ಎಡಗಾಲು ಊದಿತ್ತು, ಡಾಪ್ಲರ್ ಸ್ಕ್ಯಾನ್‌ನಲ್ಲಿ ತೊಡೆಯ ರಕ್ತನಾಳದಲ್ಲಿ ಹೆಪ್ಪು ಕಂಡಿದೆ. ತೂಕ 60 ಕೆ.ಜಿ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಎನೊಕ್ಸಾಪ್ಯಾರಿನ್ ಇಂಜೆಕ್ಷನ್ 60 ಮಿ.ಗ್ರಾಂ. ದಿನಕ್ಕೆರಡು ಸಲ ಮನೆಯಲ್ಲೇ ಹಾಕಿ ಅಂದಿದ್ದಾರೆ. ಕ್ಯಾನ್ಸರ್ ಜೀವಕೋಶ ರಕ್ತಕ್ಕೆ ಇಳಿದಿದ್ದಕ್ಕೇ ಹೀಗಾಯ್ತು ಅಂತ ನೆಂಟರೊಬ್ಬರು ಅಂದಮೇಲೆ ಅಮ್ಮ ಊಟ ಬಿಟ್ಟಿದ್ದಾರೆ. ರಕ್ತದಲ್ಲಿರೋ ಕ್ಯಾನ್ಸರ್ ಜೀವಕೋಶ ಎಣಿಸೋ ಸಿಟಿಸಿ ಪರೀಕ್ಷೆ ಮಾಡಿಸಬೇಕಾ? ತಿಳಿದವರು ಹೇಳಿ.

ಲ್ಯಾಬಿನವರು, ಶಿವಮೊಗ್ಗ:
ನೆಂಟರ ಮಾತು ಅರ್ಧ ನಿಜ. ಗೆಡ್ಡೆಯ ಜೀವಕೋಶಗಳ ಮೈಮೇಲೆ ಟಿಶ್ಯೂ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಜಾಸ್ತಿ ಇರುತ್ತೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಚಾಲನೆ ಕೊಡೋದೂ ಅದೇ. ಹಾಗಾಗಿ ಗಾಯವಿಲ್ಲದೆಯೂ ಹೆಪ್ಪುಗಟ್ಟಿಸೋ ಥ್ರಾಂಬಿನ್ ಕಿಣ್ವ ಹುಟ್ಟುತ್ತೆ, ಪ್ಲೇಟ್‌ಲೆಟ್ ಅನ್ನೋ ಪುಟ್ಟ ರಕ್ತಕಣ ಅಂಟಿಕೊಳ್ಳುತ್ತೆ, ಫೈಬ್ರಿನ್ ಅನ್ನೋ ಎಳೆಗಳ ಬಲೆ ಹೆಣೆದುಕೊಳ್ಳುತ್ತೆ. ರಕ್ತಕ್ಕೆ ಬಿದ್ದ ಒಂಟಿ ಕ್ಯಾನ್ಸರ್ ಜೀವಕೋಶ ಬಹುಪಾಲು ಉಳಿಯೋದಿಲ್ಲ. ಹರಿವಿನ ರಭಸಕ್ಕೆ ಒಡೆಯುತ್ತೆ, ಇಲ್ಲವೇ ಎನ್‌ಕೆ ಅನ್ನೋ ರೋಗನಿರೋಧಕ ಕೋಶಗಳ ಕೈಗೆ ಸಿಕ್ಕಿ ಸಾಯುತ್ತೆ. ಮಳೆಗೆ ಕಂಬಳಿಕೊಪ್ಪೆ ಹಾಕಿದ ಹಾಗೆ ಪ್ಲೇಟ್‌ಲೆಟ್ ಹೊದ್ದುಕೊಂಡವು ತಪ್ಪಿಸಿಕೊಳ್ಳುತ್ತವೆ. ನಂಟು ಇರೋದು ಅಲ್ಲಿ.

ಆದರೆ ಕಾಲಿನ ಹೆಪ್ಪು ಕ್ಯಾನ್ಸರ್ ಹರಡಿದ್ದಕ್ಕೆ ಸಾಕ್ಷಿಯಲ್ಲ. ಕಿಮೋ, ಆಪರೇಷನ್, ದಿನಗಟ್ಟಲೆ ಮಲಗಿರೋದು, ಕಿಬ್ಬೊಟ್ಟೆಯ ಗೆಡ್ಡೆ ರಕ್ತನಾಳ ಒತ್ತೋದು, ಇಷ್ಟೇ ಸಾಕು. ಅಮ್ಮನಿಗೆ ಮೊದಲು ಇದನ್ನು ಹೇಳಿ.

ಸಿಟಿಸಿ ಬೇಡ. 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಸೆಲ್‌ಸರ್ಚ್ ಅನ್ನೋ ಪರೀಕ್ಷೆ 7.5 ಮಿ.ಲೀ. ರಕ್ತದಲ್ಲಿ ಇಂಥ ಕೋಶಗಳನ್ನು ಎಣಿಸುತ್ತೆ. ಹರಡಿದ ಸ್ತನ ಮತ್ತು ಪ್ರೊಸ್ಟೇಟ್ ಕ್ಯಾನ್ಸರ್‌ಗೆ 5, ದೊಡ್ಡಕರುಳಿನದಕ್ಕೆ 3 ಗಡಿ, ಅಷ್ಟು ಅಥವಾ ಹೆಚ್ಚು ಬಂದರೆ ಕಾಯಿಲೆ ಜೋರಿದೆ ಅಂತ. ಸಾವಿರಾರು ಕೋಟಿ ಕೆಂಪುಕಣಗಳ ನಡುವೆ ಐದನ್ನು ಹುಡುಕೋದು ಅಂದ್ರೆ ಗದ್ದೆ ತುಂಬಾ ಬತ್ತದಲ್ಲಿ ಐದು ಕಾಳು ಆರಿಸಿದ ಹಾಗೆ! ಅಂಡಾಶಯಕ್ಕೆ ಅಂಥ ಒಪ್ಪಿತ ಗಡಿಯಿಲ್ಲ, ಎಷ್ಟೇ ಬಂದರೂ ಇಂಜೆಕ್ಷನ್ ಡೋಸ್ ಬದಲಾಗಲ್ಲ. ಹೆಪ್ಪು ಕರಗಿದಾಗ ಬರೋ ಚೂರು ಅಳೆಯೋ ಡಿ-ಡೈಮರ್ ಪರೀಕ್ಷೆ ಕೂಡ ಪದೇಪದೇ ಬೇಡ, ಕ್ಯಾನ್ಸರ್ ಇದ್ದವರಲ್ಲಿ ಅದು ಸುಮ್ಮನೇ ಏರಿರುತ್ತೆ.

ನರ್ಸ್, ಸಾಗರ:
ಇಂಜೆಕ್ಷನ್ ವಿಷಯ ನಾನು ಹೇಳ್ತೀನಿ. 60ರ ಸಿರಿಂಜ್‌ನಲ್ಲಿ 0.6 ಮಿ.ಲೀ. ಇರುತ್ತೆ, ಪೂರ್ತಿ ಹಾಕಬೇಕು. ಒಳಗಿನ ಗಾಳಿಗುಳ್ಳೆ ಹೊರಹಾಕಬೇಡಿ, ಗುಳ್ಳೆ ತೆಗೆಯೋಕೆ ಹೋದರೆ ಔಷಧಿಯೂ ಚೆಲ್ಲುತ್ತೆ. ಅಮ್ಮ ಒರಗಿ ಮಲಗಲಿ. ಹೊಕ್ಕುಳಿಂದ ಮೂರು ಬೆರಳು, ಅಂದರೆ 5 ಸೆಂ.ಮೀ. ಬಿಟ್ಟು ಪಕ್ಕಕ್ಕೆ ಹೋಗಿ. ಆಪರೇಷನ್ ಕಲೆ, ಹಳೇ ನೀಲಿ ಜಾಗ ಬೇಡ. ಚರ್ಮವನ್ನು ಮಡಿಕೆಯಾಗಿ ಹಿಡಿದು ಸೂಜಿಯನ್ನು ನೇರ ಪೂರ್ತಿ ಚುಚ್ಚಿ, ನಿಧಾನ ಒತ್ತಿ, ಸೂಜಿ ಹೊರಬರೋ ತನಕ ಮಡಿಕೆ ಬಿಡಬೇಡಿ. ಆಮೇಲೆ ತಿಕ್ಕಬಾರದು. ಎಲ್ಲರೂ ತಪ್ಪೋದು ಇಲ್ಲೇ. ತಿಕ್ಕಿದರೆ ಅಂಗೈ ಅಗಲ ನೀಲಿಯಾಗುತ್ತೆ. ಬೆಳಗ್ಗೆ ಎಡಕ್ಕೆ, ಸಂಜೆ ಬಲಕ್ಕೆ, ನಡುವೆ 12 ಗಂಟೆ. ಒಂದು ಮರೆತರೆ ಮುಂದಿನದನ್ನು ಡಬಲ್ ಮಾಡಬೇಡಿ.

ಎಣ್ಣೆ ಹಚ್ಚಿ ಕಾಲು ನೀವೋರು ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಕಷ್ಟ.

ಫಾರ್ಮಸಿಸ್ಟ್, ಹೊಸನಗರ:
ಸಿರಿಂಜ್ 25 ಡಿಗ್ರಿ ಒಳಗೆ ಇಡಿ. ಫ್ರೀಜರ್ ಬೇಡ, ಒಲೆ ಹತ್ತಿರವೂ ಬೇಡ. ಮಳೆಗಾಲದಲ್ಲಿ ಹತ್ತು ದಿನದ್ದಾದರೂ ಮನೆಯಲ್ಲಿರಲಿ, ರಸ್ತೆ ಕಡಿದರೆ ಡೋಸ್ ತಪ್ಪುತ್ತೆ. ಮೈಕೈ ನೋವಿಗೆ ಡೈಕ್ಲೊಫಿನ್ಯಾಕ್, ಆಸ್ಪಿರಿನ್ ಬೇಡ. ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಇಂಜೆಕ್ಷನ್ ಅಂದರೆ ಎನೊಕ್ಸಾಪ್ಯಾರಿನ್ ನಡೀತಿರೋದನ್ನು ಮೊದಲು ತಿಳಿಸಿ, ಸ್ನಾಯುವಿನೊಳಗೆ ರಕ್ತ ತುಂಬಿಕೊಳ್ಳುತ್ತೆ.

ವೈದ್ಯರು, ಶಿವಮೊಗ್ಗ:
ಕೆ.ಜಿ.ಗೆ 1 ಮಿ.ಗ್ರಾಂ. ಲೆಕ್ಕದಲ್ಲಿ ಡೋಸ್ ಸರಿಯಿದೆ. ಆದರೆ ತೂಕವನ್ನು ವಾರಕ್ಕೊಮ್ಮೆ ನೋಡಿ. ಹೊಟ್ಟೆಯಲ್ಲಿ ನೀರು ತುಂಬಿಕೊಂಡರೂ, ತೆಗೆಸಿದರೂ ಅಂಕಿ ಏರುಪೇರಾಗುತ್ತೆ. ನೀರು ತೆಗೆಯೋರಿಗೆ ಈ ಇಂಜೆಕ್ಷನ್ ವಿಷಯ ಮುಂಚೆಯೇ ಹೇಳಿ. ಕಿಡ್ನಿ ಕೆಲಸದ ಅಳತೆಯಾದ ಕ್ರಿಯಾಟಿನಿನ್ ಕ್ಲಿಯರೆನ್ಸ್ 30ಕ್ಕಿಂತ ಇಳಿದರೆ ದಿನಕ್ಕೆ ಒಂದೇ ಸಲ.

ಪ್ಲೇಟ್‌ಲೆಟ್ 50,000ಕ್ಕಿಂತ ಕೆಳಗೆ ಬಂದರೆ ಅದೇ ದಿನ ಫೋನ್ ಮಾಡಿ, ಡೋಸ್ ಇಳಿಸಬೇಕಾಗುತ್ತೆ. 25,000ಕ್ಕಿಂತ ಕೆಳಗೆ ಸಾಮಾನ್ಯವಾಗಿ ನಿಲ್ಲಿಸ್ತೇವೆ. ಇಂಜೆಕ್ಷನ್ ಶುರುವಾದ 5ರಿಂದ 10 ದಿನದೊಳಗೆ ಪ್ಲೇಟ್‌ಲೆಟ್ ಅರ್ಧಕ್ಕೆ ಬಿದ್ದರೆ ಕಿಮೋದಿಂದ ಅಂತ ಸುಮ್ಮನಿರಬೇಡಿ. ಎನೊಕ್ಸಾಪ್ಯಾರಿನ್ ಕೂಡ ಹೆಪಾರಿನ್ ಜಾತಿಯದೇ, ಹೆಪಾರಿನ್ನಿಂದಲೇ ಆಗೋ ತೊಂದರೆ ಇರಬಹುದು, ಆಗ ರಕ್ತ ಇನ್ನಷ್ಟು ಹೆಪ್ಪುಗಟ್ಟುತ್ತೆ.

ನಮ್ಮ ಕಡೆ ಇನ್ನೊಂದಿದೆ. ಕಾಡಂಚಿನ ಮನೆಯಾದರೆ, ಬೇಸಿಗೆಯಲ್ಲಿ ಜ್ವರ ಬಂದರೆ ಮಂಗನ ಕಾಯಿಲೆ ನೆನಪಿರಲಿ. ಅದರಲ್ಲೂ ಪ್ಲೇಟ್‌ಲೆಟ್ ಬೀಳುತ್ತೆ, ರಕ್ತಸ್ರಾವ ಆಗುತ್ತೆ. ಜ್ವರ ಬಂದ ದಿನವೇ ರಕ್ತಕಣ ಎಣಿಸೋ ಸಿಬಿಸಿ ಪರೀಕ್ಷೆ ಮಾಡಿಸಿ.

ಕೇಳಿದವರು:
ಇಂಜೆಕ್ಷನ್ ಆ ಕ್ಯಾನ್ಸರ್ ಜೀವಕೋಶಗಳನ್ನೂ ತಡೆಯುತ್ತಾ? ಮಾತ್ರೆ ಇಲ್ವಾ?

ವೈದ್ಯರು:
ಆಸೆ ಎಲ್ಲರಿಗೂ ಇತ್ತು. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಇದೇ ಜಾತಿಯ ಡಾಲ್ಟೆಪ್ಯಾರಿನ್ ಕೊಟ್ಟ ದೊಡ್ಡ ಪರೀಕ್ಷೆಯಲ್ಲಿ ಹೆಪ್ಪು ಕಮ್ಮಿಯಾಯ್ತು, ಆಯುಷ್ಯ ಹೆಚ್ಚಲಿಲ್ಲ. ಹೆಪ್ಪಿಗೆ ಮಾತ್ರ ಔಷಧಿ ಅಂದುಕೊಳ್ಳಿ, ಕನಿಷ್ಠ 3ರಿಂದ 6 ತಿಂಗಳು. ಅಪಿಕ್ಸಾಬಾನ್ ಮಾತ್ರೆ ಇದೆ, ಮೊದಲ 7 ದಿನ 10 ಮಿ.ಗ್ರಾಂ. ಎರಡು ಸಲ, ಆಮೇಲೆ 5 ಮಿ.ಗ್ರಾಂ. ಎರಡು ಸಲ. ವಾಂತಿ ಜಾಸ್ತಿಯಿದ್ದರೆ ಹೊಟ್ಟೆಯಲ್ಲಿ ನಿಲ್ಲಲ್ಲ, ಅದಕ್ಕೇ ಇಂಜೆಕ್ಷನ್ ಬರೆದಿರಬಹುದು. ನೀವಾಗಿ ಬದಲಿಸಬೇಡಿ.

ನರ್ಸ್, ಸಾಗರ:
ಮತ್ತೆ, ತೋಟದಲ್ಲಿ ಇಂಬಳ ಕಚ್ಚಿದರೆ ಅದರ ಎಂಜಲಲ್ಲೂ ರಕ್ತ ಹೆಪ್ಪುಗಟ್ಟದ ಹಾಗೆ ಮಾಡೋ ಪ್ರೋಟೀನ್ ಇರುತ್ತೆ. ಬಟ್ಟೆಯಿಂದ 15 ನಿಮಿಷ ಬಿಡದೆ ಒತ್ತಿ ಹಿಡೀರಿ, ನಡುನಡುವೆ ತೆಗೆದು ನೋಡಬೇಡಿ. ದಿಢೀರ್ ಏದುಸಿರು, ಎದೆನೋವು, ಕಪ್ಪು ಮಲ, ತಡೆಯಲಾಗದ ತಲೆನೋವು, ಇವಕ್ಕೆ ಮಾತ್ರ ಬೆಳಗಾಗೋ ತನಕ ಕಾಯಬೇಡಿ, 108ಕ್ಕೆ ಫೋನ್ ಮಾಡಿ.