ಅಕೇಶಿಯಾ ಕಡಿದ ಜಾಗಕ್ಕೆ ಕಾನಿನ ಮರಗಳ ಬೀಜ: ಸಂಗ್ರಹಿಸುವುದು ಹೇಗೆ?

ಪ್ರಶ್ನೆ

ನಮ್ಮೂರು ಸಾಗರ ತಾಲ್ಲೂಕಿನಲ್ಲಿದೆ. ಊರಿನ ಪಕ್ಕದ ಸುಮಾರು 80 ಎಕರೆ ಅಕೇಶಿಯಾ ನೆಡುತೋಪನ್ನು ಕಡಿದ ಮೇಲೆ, ಅಲ್ಲಿ ಮತ್ತೆ ಅಕೇಶಿಯಾ ಬೇಡ, ಹಿಂದೆ ಇದ್ದ ಕಾನಿನ (ಮಲೆನಾಡಿನ ದಟ್ಟ ನಿತ್ಯಹರಿದ್ವರ್ಣ ಕಾಡಿನ) ಮರಗಳೇ ಬರಲಿ ಎಂದು ಗ್ರಾಮ ಅರಣ್ಯ ಸಮಿತಿಯಲ್ಲಿ ನಿರ್ಣಯವಾಗಿದ್ದು, ಸಸಿ ಬೆಳೆಸುವ ಹೊಣೆಯನ್ನು ಊರಿನವರೇ ಹೊತ್ತಿದ್ದೇವೆ. ಕಳೆದ ವರ್ಷ ಜೂನ್ ಕೊನೆಯಲ್ಲಿ ಆರು ಚೀಲ ಸಾಲುಧೂಪದ ಬೀಜವನ್ನು ಆರಿಸಿ ತಂದೆವು. ಸಸಿ ಬೆಳೆಸುವ ಸಣ್ಣ ಚೀಲಗಳಾದ ಕೊಟ್ಟೆಗಳಿಗೆ ಮಣ್ಣು ತುಂಬುವ ಕೆಲಸ ಮುಗಿದಿರಲಿಲ್ಲವಾದ್ದರಿಂದ ಗೊಬ್ಬರದ ಪ್ಲಾಸ್ಟಿಕ್ ಚೀಲಗಳ ಬಾಯಿ ಕಟ್ಟಿ ಜಗಲಿಯಲ್ಲಿಟ್ಟೆವು. ಮೂರು ವಾರದ ನಂತರ ಬಿಚ್ಚಿ ಕೈ ಹಾಕಿದರೆ ಒಳಗೆ ಬಿಸಿ, ಹುಳಿ ವಾಸನೆ. ಬೀಜಗಳು ಒಡೆದು ಬೇರು ಬಿಟ್ಟಿದ್ದವು, ಆ ಬೇರಿನ ತುದಿಗಳೆಲ್ಲ ಕಪ್ಪಾಗಿದ್ದವು. ಒಂದೂ ಉಳಿಯಲಿಲ್ಲ. ಯಾವ ಬೀಜವನ್ನು ಎಷ್ಟು ದಿನ ಇಡಬಹುದು, ಎಷ್ಟು ಮರಗಳಿಂದ ಆರಿಸಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮ್ಮ ಬೀಜ ಕೆಟ್ಟದ್ದಾಗಿರಲಿಲ್ಲ, ಅದಕ್ಕೆ ಕಾಯುವ ಗುಣವೇ ಇಲ್ಲ. ಬೇಸಿಗೆಯ ಒಣಹವೆಯಲ್ಲಿ ಹಣ್ಣಾಗುವ ಹೊನ್ನೆ, ಮತ್ತಿ, ನಂದಿ, ಬೀಟೆಗಳ ಬೀಜ ಒಣಗಿಯೂ ಜೀವ ಹಿಡಿದುಕೊಂಡು ಮಳೆಗಾಲದವರೆಗೆ ಇರುತ್ತದೆ. ಆದರೆ ಮಳೆಯ ಜೊತೆಯಲ್ಲೇ ಉದುರುವ ಸಾಲುಧೂಪ, ಹೈಗ, ರಾಮಪತ್ರೆ, ನೇರಳೆಗಳ ಬೀಜ ಒಣಗಿದರೆ ಸಾಯುತ್ತದೆ, ಗಾಳಿಯಿಲ್ಲದ ಚೀಲದಲ್ಲಿ ಬೆಂದು ಕೊಳೆಯುತ್ತದೆ. ಇವನ್ನು ಗೋಣಿಚೀಲದಲ್ಲಿ ಸಡಿಲವಾಗಿ ತುಂಬಿ, ನೆರಳಿನಲ್ಲಿ ತಂದು, ಅದೇ ವಾರ ಬಿತ್ತಬೇಕು. ಒಂದೆರಡು ದಿನ ತಡವಾಗುವುದಿದ್ದರೆ ತೇವದ ಮರಳಿನಲ್ಲಿ ತೆಳುವಾಗಿ ಹರಡಿಡಿ. ಆದ್ದರಿಂದ ಕೊಟ್ಟೆ ತುಂಬುವ ಕೆಲಸ ಮೇ ತಿಂಗಳಲ್ಲೇ ಮುಗಿದಿರಬೇಕು. ಬೀಜಕ್ಕೆ ಹೋಗುವುದು ಆಮೇಲೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಸಾಲುಧೂಪದ ಎಳೆ ಸಸಿಗೆ ನೆರಳು ಬೇಕು. ಅಕೇಶಿಯಾ ಕಡಿದ ಬೋಳು ಜಾಗದಲ್ಲಿ ಅದನ್ನು ನೇರವಾಗಿ ನೆಟ್ಟರೆ ಮೊದಲ ಬೇಸಿಗೆಯಲ್ಲೇ ಸುಟ್ಟುಹೋಗುತ್ತದೆ. ಬಿಸಿಲು ತಡೆಯುವ ಮತ್ತಿ, ಹೊನ್ನೆ, ನಂದಿ, ನೇರಳೆ ಮೊದಲು ಮೇಲೇಳಲಿ, ನಿತ್ಯಹರಿದ್ವರ್ಣದ ಮರಗಳು ಅವುಗಳ ಅಡಿಗೆ ಬರಲಿ. ಹಾಗಾಗಿ ನಿಮ್ಮ ಸಂಗ್ರಹ ಜೂನ್‌ನಲ್ಲಲ್ಲ, ಜನವರಿಯಲ್ಲೇ ಆರಂಭವಾಗಬೇಕು. ನಂದಿಯ ಕಾಯಿಯನ್ನು ಮರದ ಮೇಲೆ ಬಿರಿಯುವ ಮೊದಲೇ ಕೊಯ್ದು ಬಟ್ಟೆಯ ಮೇಲೆ ಒಣಗಿಸಿ, ಏಕೆಂದರೆ ರೆಕ್ಕೆಯ ಆ ಹಗುರ ಬೀಜ ಒಮ್ಮೆ ಗಾಳಿಗೆ ಹಾರಿದರೆ ಸಿಗುವುದಿಲ್ಲ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ತಾಯಿಮರಗಳ ಬಗ್ಗೆ ಒಂದಿಷ್ಟು ಸೇರಿಸುತ್ತೇನೆ. ದಾರಿ ಪಕ್ಕದ ಒಂದೇ ದೊಡ್ಡ ಮರದ ಅಡಿಯಲ್ಲಿ ಆರು ಚೀಲ ತುಂಬಿಸುವುದು ಸುಲಭವಾದರೂ, ಹಾಗೆ ಮಾಡಿದರೆ 80 ಎಕರೆಯಲ್ಲಿ ನಿಲ್ಲುವುದು ಒಂದೇ ತಾಯಿಯ ಮಕ್ಕಳು. ಬೀಜ ಬ್ಯಾಂಕುಗಳು ಅನುಸರಿಸುವ ನಿಯಮದಲ್ಲಿ ಸಾಧ್ಯವಾದರೆ 50 ಗಿಡಗಳಿಂದ ಸಂಗ್ರಹಿಸಬೇಕು, ಆ ದಿನ ಬಲಿತಿರುವ ಬೀಜದಲ್ಲಿ ಶೇ. 20ಕ್ಕಿಂತ ಹೆಚ್ಚು ತೆಗೆಯಬಾರದು ಎಂದಿದೆ. ಕಾನಿನಲ್ಲಿ ಒಂದು ಜಾತಿಯ 50 ಮರಗಳು ಸಿಗುವುದು ಕಷ್ಟವೇ ಆದರೂ, ದೂರದೂರದ ಇಪ್ಪತ್ತೈದು ಮೂವತ್ತು ಮರಗಳನ್ನಾದರೂ ಗುರುತು ಹಾಕಿಕೊಳ್ಳಿ. ರಾಮಪತ್ರೆ, ಉಪ್ಪಾಗೆ, ಮುರುಗಲುಗಳಲ್ಲಿ ಗಂಡು ಮರವೇ ಬೇರೆ, ಹೆಣ್ಣು ಮರವೇ ಬೇರೆ. ಕಾಯಿ ಬಿಡದ ಮರವನ್ನು ಬಂಜೆಯೆಂದು ಕಡಿಯಲು ಯಾರಿಗೂ ಬಿಡಬೇಡಿ.

ರಾಮಪತ್ರೆಯಲ್ಲಿ ಶೇ. 20ಕ್ಕಿಂತಲೂ ಕಡಿಮೆಗೆ ನಿಲ್ಲಿಸಿರಿ ಎಂಬುದು ನನ್ನ ವಿನಂತಿ. ಬೀಜಕ್ಕೆ ಸುತ್ತಿಕೊಂಡಿರುವ ಪತ್ರೆಯೆಂಬ ಮಸಾಲೆಗಾಗಿ ಅದರ ಕಾಯಿಯನ್ನು ಜನ ಈಗಾಗಲೇ ಬಲಿಯುವ ಮೊದಲೇ ಕೊಯ್ಯುತ್ತಾರೆ, ಉಳಿದದ್ದನ್ನು ನಂಬಿ ಮಂಗಟ್ಟೆ ಹಕ್ಕಿಗಳಿವೆ. ಉಪ್ಪಾಗೆಗೆ ಮಾತ್ರ ನೀವು ಮರ ಹತ್ತಬೇಕಾಗಿಯೇ ಇಲ್ಲ. ಅದರ ಹಣ್ಣಿನ ಹುಳಿ ಸಿಪ್ಪೆ ಒಣಗಿಸುವ ಮನೆಗಳಲ್ಲಿ ತುಪ್ಪ (ಬೀಜದ ಕೊಬ್ಬು) ತೆಗೆಯದೆ ಬಿಟ್ಟ ಬೀಜ ರಾಶಿಯಾಗಿ ಬಿದ್ದಿರುತ್ತದೆ, ಕೇಳಿ ತನ್ನಿ. ಅದು ಮೊಳೆಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಹೊರಸಿಪ್ಪೆಯನ್ನು ಜೋಪಾನವಾಗಿ ಬಿಡಿಸಿ ಬಿತ್ತಿದರೆ ಬೇಗ ಹುಟ್ಟುತ್ತದೆ. ಮಡಿ ಒಣಗಲು ಬಿಡಬೇಡಿ.

ಉತ್ತರ 3

ಸಂಗ್ರಹಕ್ಕೆ ಹೊರಡುವ ಮೊದಲು ಗಡಿ ನೋಡಿಕೊಳ್ಳಿ. ನಿಮ್ಮ ಕಡೆಯ ಕೆಲವು ಕಾಡುಗಳು ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯದೊಳಗಿನಿಂದ ಅನುಮತಿಯಿಲ್ಲದೆ ಏನನ್ನೂ ತರುವಂತಿಲ್ಲ, ಉದುರಿದ ಬೀಜವನ್ನೂ ಸಹ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ವಂದನೆಗಳು. ಉಪ್ಪಾಗೆ ಒಣಗಿಸುವ ಎರಡು ಮನೆಗಳು ನಮ್ಮೂರಿನಲ್ಲೇ ಇವೆ. ಬೀಜವನ್ನು ಅಡಿಕೆ ತೋಟದ ಅಂಚಿಗೆ ಎಸೆಯುವುದನ್ನು ಪ್ರತಿವರ್ಷ ನೋಡುತ್ತಿದ್ದರೂ ಕೇಳಬೇಕೆಂದು ತೋಚಿರಲಿಲ್ಲ. ಹೊನ್ನೆ, ಮತ್ತಿ, ನಂದಿಯ ಮರಗಳಿಗೆ ಈ ತಿಂಗಳೇ ಗುರುತು ಹಾಕುತ್ತೇವೆ. ಸಾಲುಧೂಪದ ಬೀಜವನ್ನು ಈ ಸಲ, ಹಳ್ಳದ ಬದಿಯಲ್ಲಿ ನೆರಳು ಉಳಿದಿರುವ ಮೂರ್ನಾಲ್ಕು ಎಕರೆಗೆ ಸಾಕಾಗುವಷ್ಟು ಮಾತ್ರ ತರುತ್ತೇವೆ.